ಸುಸ್ಥಿರ ರಸಾಯನಶಾಸ್ತ್ರದ ಪಿಎಚ್.ಡಿ.ಗೆ ರಾಜ್ಯ ಪ್ರಶಸ್ತಿ ಕೊಡಿ, ತ್ಯಾಜ್ಯದ ಲೆಕ್ಕ ಕೇಳಿ ಕೊಡಿ

ಗೆ,
ಮಾನ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ರಾಜ್ಯದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು

ಮಾನ್ಯರೇ,

ಸುಸ್ಥಿರ ರಸಾಯನಶಾಸ್ತ್ರದಲ್ಲಿ, ಅಂದರೆ ತ್ಯಾಜ್ಯವನ್ನೂ ವಿಷವನ್ನೂ ಕಡಿಮೆ ಮಾಡಿ ರಾಸಾಯನಿಕ ತಯಾರಿಸುವ ವಿದ್ಯೆಯಲ್ಲಿ, ನಡೆದ ಒಳ್ಳೆಯ ಪಿಎಚ್.ಡಿ. ಸಂಶೋಧನೆಗೆ ರಾಜ್ಯ ಸರ್ಕಾರ ಪ್ರತಿವರ್ಷ ಒಂದು ಪ್ರಶಸ್ತಿ ಕೊಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು, ರಾಜ್ಯದ್ದೇ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವಳು. ನಮ್ಮಲ್ಲಿ ಪ್ರಶಸ್ತಿಗಳಿಗೇನೂ ಬರವಿಲ್ಲ ಎಂಬುದು ಗೊತ್ತು. ವಿಶ್ವೇಶ್ವರಯ್ಯ, ರಾಜಾ ರಾಮಣ್ಣ, ಸಿ. ವಿ. ರಾಮನ್, ಕಲ್ಪನಾ ಚಾವ್ಲಾ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ವಿಜ್ಞಾನಿಗಳನ್ನು ಗೌರವಿಸುತ್ತ ಬಂದಿದೆ. ಅವು ವ್ಯಕ್ತಿಯ ಒಟ್ಟು ಸಾಧನೆ ನೋಡಿ ಕೊಡುವ ಪ್ರಶಸ್ತಿಗಳು. ಅದನ್ನು ಪಡೆಯುವ ಹೊತ್ತಿಗೆ ಸಾಮಾನ್ಯವಾಗಿ ಆ ವ್ಯಕ್ತಿಗೆ ಖಾಯಂ ನೌಕರಿ, ಒಂದು ಲ್ಯಾಬು, ನಾಲ್ಕಾರು ಶಿಷ್ಯರು ಸಿಕ್ಕಾಗಿರುತ್ತದೆ. ನಾನು ಕೇಳುತ್ತಿರುವುದು ಇದ್ಯಾವುದೂ ಇನ್ನೂ ಇಲ್ಲದವರಿಗಾಗಿ. ಮಹಾಪ್ರಬಂಧಕ್ಕೆ ಬೈಂಡ್ ಹಾಕಿಸಿ ಒಪ್ಪಿಸಿ, ಅತಿಥಿ ಉಪನ್ಯಾಸಕರ ಹುದ್ದೆಗೆ ಅರ್ಜಿ ತುಂಬಿ ಕೂತಿರುವವರಿಗಾಗಿ.

ಇಷ್ಟನ್ನೇ ಕೇಳುವುದಾಗಿದ್ದರೆ ಅರ್ಧ ಪುಟದಲ್ಲಿ ಪತ್ರ ಮುಗಿಯುತ್ತಿತ್ತು. ಆದರೆ ಈ ಪ್ರಶಸ್ತಿಯನ್ನು ನೀವು ಮಾಮೂಲಿ ಅಳತೆಗೋಲಿನಲ್ಲಿ ಕೊಟ್ಟರೆ, ಅಂದರೆ ಪ್ರಕಟವಾದ ಪೇಪರುಗಳೆಷ್ಟು, ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್ಲಿನ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಂಕಿ) ಎಷ್ಟು ಎಂದು ಕೂಡಿಸಿ ಕೊಟ್ಟರೆ, ಕೊಡದೇ ಇರುವುದೇ ಮೇಲು. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ದೇಶದ ಪಿಎಚ್.ಡಿ. ಪ್ರಬಂಧಗಳನ್ನೆಲ್ಲ ಇಡುವ 'ಶೋಧಗಂಗಾ' ಜಾಲತಾಣದಲ್ಲಿ 'ಗ್ರೀನ್' ಎಂಬ ಪದ ಹಾಕಿ ಹುಡುಕಿ ನೋಡಿ. ತುಳಸಿ, ಬೇವು, ನುಗ್ಗೆ, ಲೋಳೆಸರ, ದಾಸವಾಳ ಎಂದು ಹಿತ್ತಲಿನ ಗಿಡ ಒಂದನ್ನೂ ಬಿಟ್ಟಿಲ್ಲ ನಾವು. ಎಲೆ ಕುದಿಸಿ ಸೋಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದರೆ ಬಣ್ಣ ಕಂದುಹಳದಿಗೆ ತಿರುಗುತ್ತದೆ, ಬೆಳ್ಳಿಯ ನ್ಯಾನೋ ಕಣ ಸಿಗುತ್ತದೆ, ಒಂದು ಪೇಪರೂ ಸಿಗುತ್ತದೆ. ಮೊದಮೊದಲು ಇದರಲ್ಲಿ ಹೊಸತನವಿತ್ತು. ಈಗ ಗಿಡದ ಹೆಸರು ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಕಷಾಯದಲ್ಲಿ ಯಾವ ಅಣು ಈ ಕೆಲಸ ಮಾಡಿತು, ಮುಂದಿನ ಮಳೆಗಾಲದ ಎಲೆಯಲ್ಲೂ ಅದು ಅಷ್ಟೇ ಇರುತ್ತದೆಯೇ, ಕಣಗಳನ್ನು ತೊಳೆದ ನೀರು ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ.

ಇದಕ್ಕಿಂತ ಕಸಿವಿಸಿಯಾಗುವುದು ಇನ್ನೊಂದನ್ನು ಕಂಡಾಗ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಸಿ. ಪಾಟೀಲ್ ಅವರ ತಂಡ ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾದ ದ್ರಾವಣವನ್ನು 500 ಡಿಗ್ರಿಯ ಕುಲುಮೆಗೆ ಇಟ್ಟಾಗ ಅದು ಹೊತ್ತಿಕೊಂಡು ಉರಿದು, ಕೆಲವೇ ನಿಮಿಷದಲ್ಲಿ ನೊರೆಯಂಥ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕೊಟ್ಟಿತು. 1988ರಲ್ಲಿ ಪ್ರಕಟವಾದ ಆ ಕೆಲಸ ಇವತ್ತು ಜಗತ್ತಿನಾದ್ಯಂತ ಬಳಕೆಯಲ್ಲಿದೆ, ನಮ್ಮ ರಾಜ್ಯದ ಸಣ್ಣಪುಟ್ಟ ಲ್ಯಾಬುಗಳಿಗಂತೂ ವರದಾನ. ದುಬಾರಿ ಯಂತ್ರ ಬೇಡ, ಒಂದು ಮಫಲ್ ಫರ್ನೇಸ್ ಇದ್ದರೆ ಆಯಿತು. ಈಗ ಇಂಧನವಾಗಿದ್ದ ಯೂರಿಯಾ ಜಾಗಕ್ಕೆ ಯಾವುದೋ ಗಿಡದ ರಸ ಹಾಕಿ ಅದನ್ನೇ 'ಹಸಿರು' ಎನ್ನುತ್ತಿದ್ದೇವೆ. ನೈಟ್ರೇಟ್ ಉರಿಯುವಾಗ ಇಂಧನದ ಪ್ರಮಾಣ ತಪ್ಪಿದರೆ ಕಂದು ಹೊಗೆ ಏಳುತ್ತದೆ. ಅದು ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷಾನಿಲ. ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನ ಮೋಟಾರು ಸುಟ್ಟು ವರ್ಷವಾದರೂ ರಿಪೇರಿಯಾಗದ ಲ್ಯಾಬಿನಲ್ಲಿ ಆ ಹೊಗೆ ಕುಡಿಯುವುದು ಸಂಶೋಧನಾರ್ಥಿಯೇ. ಹರಳಿನ ರಚನೆ ತೋರಿಸುವ ಎಕ್ಸ್‌ಆರ್‌ಡಿ ಬರುತ್ತದೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಎಸ್‌ಇಎಂ ಚಿತ್ರ ಬರುತ್ತದೆ, ಪ್ರಬಂಧದಲ್ಲಿ ಹೊಗೆಯ ಸುದ್ದಿ ಮಾತ್ರ ಬರುವುದಿಲ್ಲ.

ಇಂಗಾಲದ ಸಂಯುಕ್ತಗಳ ಮೇಲೆ ಕೆಲಸ ಮಾಡುವ ಸಾವಯವ ರಸಾಯನಶಾಸ್ತ್ರದವರದ್ದು ಬೇರೆ ಕಥೆ. 'ನೀರಿನಲ್ಲೇ ನಡೆಯುವ ಕ್ರಿಯೆ, ಯಾವ ವಿಷಕಾರಿ ದ್ರಾವಕವೂ ಇಲ್ಲ' ಎಂದು ಪ್ರಬಂಧದ ಮೊದಲ ಅಧ್ಯಾಯದಲ್ಲೇ ಇರುತ್ತದೆ. ನಿಜ, ಕ್ರಿಯೆ 10 ಮಿ.ಲೀ. ನೀರಿನಲ್ಲೇ ನಡೆದಿರುತ್ತದೆ. ಆಮೇಲೆ? ಉತ್ಪನ್ನವನ್ನು ಆ ನೀರಿನಿಂದ ಹೊರಗೆಳೆಯಲು 30 ಮಿ.ಲೀ.ನಂತೆ ಮೂರು ಸಲ ಈಥೈಲ್ ಅಸಿಟೇಟ್ ಎಂಬ ದ್ರಾವಕ. ಒಣಗಿಸಲು ಸೋಡಿಯಂ ಸಲ್ಫೇಟ್. ಶುದ್ಧ ಮಾಡಲು ಕಾಲಂ, ಅಂದರೆ ಸಿಲಿಕಾ ಪುಡಿ ತುಂಬಿದ ಗಾಜಿನ ಕೊಳವೆ, ಅದಕ್ಕೆ 40 ಗ್ರಾಂ ಸಿಲಿಕಾ, ಅರ್ಧ ಲೀಟರ್ ಹೆಕ್ಸೇನ್-ಈಥೈಲ್ ಅಸಿಟೇಟ್. ಕೊನೆಗೆ ಸಿಕ್ಕ ಉತ್ಪನ್ನ 1 ಗ್ರಾಂ ಎಂದಿಟ್ಟುಕೊಳ್ಳಿ. ಅದರ ಬೆನ್ನಿಗೆ 450 ಗ್ರಾಮಿಗೂ ಮಿಕ್ಕಿ ಸರಕು ಖರ್ಚಾಗಿದೆ. ದ್ರಾವಕವನ್ನು ಆವಿಯಾಗಿಸಿ ಬೇರ್ಪಡಿಸುವ ರೋಟಾವ್ಯಾಪ್ ಯಂತ್ರದಲ್ಲಿ ಅದನ್ನು ಹಿಡಿದು ಮತ್ತೆ ಬಳಸಿದ್ದರೆ ಅಷ್ಟನ್ನು ಕಳೆಯಬಹುದು. ಆದರೆ ಎಷ್ಟು ಹಿಡಿದರು, ಎಷ್ಟು ಸಿಂಕಿಗೆ ಹೋಯಿತು ಎಂದು ಯಾರೂ ಬರೆದಿಟ್ಟಿರುವುದಿಲ್ಲ.

ಈ ಲೆಕ್ಕ ನಾನು ಹುಟ್ಟಿಸಿದ್ದಲ್ಲ. ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಎಂಬ ಸರಳ ಭಾಗಾಕಾರವನ್ನು 1992ರಲ್ಲಿ ರೋಜರ್ ಶೆಲ್ಡನ್ ಉದ್ಯಮಗಳ ಮುಂದಿಟ್ಟರು. ಇ-ಫ್ಯಾಕ್ಟರ್ ಎನ್ನುತ್ತೇವೆ. ತೈಲ ಶುದ್ಧೀಕರಣದಲ್ಲಿ ಅದು 0.1ರ ಆಸುಪಾಸು, ಭಾರಿ ಪ್ರಮಾಣದ ರಾಸಾಯನಿಕಗಳಲ್ಲಿ 1ರಿಂದ 5, ಔಷಧ ತಯಾರಿಕೆಯಲ್ಲಿ 25ರಿಂದ 100 ಮತ್ತು ಅದಕ್ಕೂ ಹೆಚ್ಚು. ಹೊಗೆ ಕಾರುವ ರಿಫೈನರಿಗಿಂತ ಮಾತ್ರೆ ಮಾಡುವ ಕಾರ್ಖಾನೆ ಕಿಲೋಗೆ ನೂರಾರು ಪಟ್ಟು ಹೆಚ್ಚು ತ್ಯಾಜ್ಯ ಬಿಡುತ್ತದೆ ಎಂದು ಆಗ ಎಷ್ಟೋ ಜನರಿಗೆ ಮೊದಲ ಸಲ ಗೊತ್ತಾಯಿತು. ಅದಕ್ಕೆ ಒಂದು ವರ್ಷ ಮೊದಲು ಬ್ಯಾರಿ ಟ್ರಾಸ್ಟ್ ಇನ್ನೊಂದು ಪ್ರಶ್ನೆ ಎತ್ತಿದ್ದರು: ಕ್ರಿಯೆಗೆ ಹಾಕಿದ ಪರಮಾಣುಗಳಲ್ಲಿ ಎಷ್ಟು ಕೊನೆಯ ಉತ್ಪನ್ನದಲ್ಲಿ ಉಳಿದವು? ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನಶಾಸ್ತ್ರದ 12 ಸೂತ್ರಗಳನ್ನು ಬರೆದದ್ದು ಇವುಗಳ ಬೆನ್ನಲ್ಲೇ. ನಮ್ಮ ಸಂಶೋಧನಾರ್ಥಿಗಳು ಆ 12ನ್ನೂ ಬಾಯಿಪಾಠ ಒಪ್ಪಿಸುತ್ತಾರೆ. ತಮ್ಮದೇ ಪ್ರಯೋಗದ ಭಾಗಾಕಾರ ಮಾಡಿ ಎಂದರೆ ಗೈಡ್‌ ಮುಖ ನೋಡುತ್ತಾರೆ. ತಪ್ಪು ಅವರದ್ದಲ್ಲ, ಅದನ್ನು ಅವರಿಗೆ ಯಾರೂ ಕೇಳಿಯೇ ಇಲ್ಲ. ನಾನು ಕೂತಿದ್ದ ಒಂದು ವೈವಾದಲ್ಲಿ (ಪಿಎಚ್.ಡಿ.ಯ ಮೌಖಿಕ ಪರೀಕ್ಷೆಯಲ್ಲಿ) ಹೊರಗಿನಿಂದ ಬಂದ ಪರೀಕ್ಷಕರು ಸುಮಾರು ಹೊತ್ತು ಕೇಳಿದ್ದು ಪೇಪರುಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ. ಆಮೇಲೆ ಊಟಕ್ಕೆ ಎದ್ದೆವು.

ನೀರಿನ ಮಾತನ್ನೂ ಹೇಳಿಬಿಡುತ್ತೇನೆ. ರಿಫ್ಲಕ್ಸ್ ಇಟ್ಟಾಗ, ಅಂದರೆ ದ್ರಾವಣವನ್ನು ಗಂಟೆಗಟ್ಟಲೆ ಕುದಿಸುವಾಗ, ಆವಿಯನ್ನು ತಣಿಸಿ ಮರಳಿಸುವ ಕಂಡೆನ್ಸರ್‌ಗೆ ನಲ್ಲಿಯಿಂದ ರಬ್ಬರ್ ಕೊಳವೆ ಜೋಡಿಸಿ, ಇನ್ನೊಂದು ತುದಿಯನ್ನು ಸಿಂಕಿಗೆ ಬಿಡುವುದು ರೂಢಿ. ನಿಮಿಷಕ್ಕೆ ಒಂದು ಲೀಟರ್ ಹರಿದರೂ 12 ಗಂಟೆಯ ಕ್ರಿಯೆಗೆ 720 ಲೀಟರ್. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಊರುಗಳ ಕ್ಯಾಂಪಸ್ಸಿನಲ್ಲಿ ನಡೆಯುವ 'ಸುಸ್ಥಿರ' ಸಂಶೋಧನೆ ಇದು. ಒಬ್ಬಳು ಹುಡುಗಿ ಏರ್ ಕೂಲರಿನ ಸಣ್ಣ ಪಂಪು ತಂದು, ಅದನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಅದೇ ನೀರನ್ನು ರಾತ್ರಿಯಿಡೀ ಸುತ್ತಿಸುತ್ತಿದ್ದುದನ್ನು ನೋಡಿದ್ದೇನೆ. ಬೇಸಿಗೆಯಲ್ಲಿ ಬಕೆಟ್ಟಿನ ನೀರು ಬೆಚ್ಚಗಾಗುತ್ತದೆಂದು ಹೊರಗೆ ಒದ್ದೆ ಗೋಣಿಚೀಲ ಸುತ್ತಿದ್ದಳು. ಕ್ಯಾಂಟೀನಿನವರಿಂದ ಐಸು ಕಾಡಿ ತರುತ್ತಿದ್ದಳು. ಅವಳ ಪ್ರಬಂಧದಲ್ಲಿ ಈ ಪಂಪಿನ ಪ್ರಸ್ತಾಪವಿಲ್ಲ. 'ಅದೆಲ್ಲ ಬರೆಯೋದಲ್ಲಮ್ಮ' ಎಂದರಂತೆ ಗೈಡ್. ನನ್ನನ್ನು ಕೇಳಿದರೆ ಆ ಪ್ರಬಂಧದಲ್ಲಿ ಬರೆಯಲೇಬೇಕಾಗಿದ್ದ ಸಂಗತಿ ಅದು.

ಲ್ಯಾಬಿನ ಇಂಥ ಚಿಲ್ಲರೆ ಲೆಕ್ಕ ಹೊರಗಿನ ಜಗತ್ತಿಗೆ ಏನು ಸಂಬಂಧ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಐಬುಪ್ರೊಫೆನ್ ಮಾತ್ರೆಯನ್ನು ನೋಡಿ. ಅದನ್ನು ಮೊದಲು ಆರು ಹಂತಗಳಲ್ಲಿ ಮಾಡುತ್ತಿದ್ದರು, ಹಾಕಿದ ಪರಮಾಣುಗಳಲ್ಲಿ ಶೇ 40ರಷ್ಟು ಮಾತ್ರ ಮಾತ್ರೆಗೆ ಸೇರುತ್ತಿತ್ತು. ಬಿಎಚ್‌ಸಿ ಎಂಬ ಕಂಪನಿ ಅದನ್ನು ವೇಗವರ್ಧಕಗಳ ನೆರವಿನಿಂದ ಮೂರೇ ಹಂತಕ್ಕೆ ಇಳಿಸಿತು, ಆ ಪ್ರಮಾಣ ಶೇ 77ಕ್ಕೆ ಏರಿತು, ಉಪ-ಉತ್ಪನ್ನವಾಗಿ ಬರುವ ಅಸಿಟಿಕ್ ಆಮ್ಲವನ್ನೂ ಹಿಡಿದಿಟ್ಟರೆ ಶೇ 99. ಅಮೆರಿಕದ ಗ್ರೀನ್ ಕೆಮಿಸ್ಟ್ರಿ ಪ್ರಶಸ್ತಿ 1997ರಲ್ಲಿ ಅದಕ್ಕೆ ಬಂತು. ಮಾತ್ರೆ ಅದೇ, ದಾರಿ ಬೇರೆ.

ದಾರಿ ಬೇರೆಯಾಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನಮ್ಮ ದೇಶದ ಉದಾಹರಣೆ ಭೋಪಾಲ್. 1984ರ ಡಿಸೆಂಬರ್ 2ರ ರಾತ್ರಿ ಸೋರಿದ್ದು ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್. ಕಾರ್ಬರಿಲ್ ಎಂಬ ಕೀಟನಾಶಕ ಮಾಡಲು ಅದು ನಡುವಿನ ಸರಕಾಗಿತ್ತು, ಅಷ್ಟೆ. ಮಿಥೈಲ್ ಅಮೀನ್, ಫಾಸ್ಜೀನ್, ನ್ಯಾಫ್ತಾಲ್ ಎಂಬ ಮೂರೇ ಸರಕನ್ನು ಬೇರೆ ಅನುಕ್ರಮದಲ್ಲಿ ಸೇರಿಸಿದರೆ, ಅಂದರೆ ಮೊದಲು ನ್ಯಾಫ್ತಾಲ್‌ಗೆ ಫಾಸ್ಜೀನ್, ಆಮೇಲೆ ಅಮೀನ್ ಹಾಕಿದರೆ, ಅದೇ ಕೀಟನಾಶಕ ಸಿಗುತ್ತದೆ, ಮಿಥೈಲ್ ಐಸೊಸಯನೇಟ್ ಹುಟ್ಟುವುದೇ ಇಲ್ಲ. ಫಾಸ್ಜೀನ್ ಆ ದಾರಿಯಲ್ಲೂ ಇದೆ, ಅದೂ ಘೋರ ವಿಷವೇ, ಇದನ್ನೊಂದು ಆದರ್ಶ ದಾರಿ ಎಂದು ನಾನು ಹೇಳುತ್ತಿಲ್ಲ. ಆದರೆ ಟ್ಯಾಂಕುಗಟ್ಟಲೆ ಮಿಥೈಲ್ ಐಸೊಸಯನೇಟನ್ನು ಊರ ಮಗ್ಗುಲಲ್ಲಿ ಶೇಖರಿಸಿಡುವ ಅಗತ್ಯ ಬೀಳುತ್ತಿರಲಿಲ್ಲ.

ಈಗ ನಮ್ಮ ರಾಜ್ಯಕ್ಕೆ ಬನ್ನಿ. ಬೀದರಿನ ಕೊಳ್ಹಾರ, ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಗಳಲ್ಲಿ ಔಷಧದ ಮೂಲ ಸರಕು ತಯಾರಿಸುವ ಘಟಕಗಳಿವೆ. ರಾತ್ರಿಯಾದರೆ ವಾಸನೆ ತಡೆಯಲಾಗದು ಎಂದು ಸುತ್ತಲ ಹಳ್ಳಿಯವರು ಹೇಳುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಇಂಥ ಘಟಕಗಳಿಂದ ಹೊರಬೀಳುವುದರಲ್ಲಿ ಬಹುಪಾಲು ದ್ರಾವಕವೇ. ಅಲ್ಲಿಂದ ಕೂಗಳತೆಯಲ್ಲಿ ಎನ್ನುವಂತೆ ಕಲಬುರಗಿ, ರಾಯಚೂರು, ಬೀದರಿನಲ್ಲಿ ವಿಶ್ವವಿದ್ಯಾಲಯಗಳಿವೆ. ದ್ರಾವಕ ಕಡಿಮೆ ಮಾಡುವುದು, ಕಾಲಂ ಬಿಟ್ಟು ಹರಳುಗಟ್ಟಿಸಿ ಶುದ್ಧಗೊಳಿಸುವುದು, ವೇಗವರ್ಧಕವನ್ನು ಸೋಸಿ ಮತ್ತೆ ಬಳಸುವುದು ನಿಜಕ್ಕೂ ಆ ಜಿಲ್ಲೆಗಳ ಪ್ರಶ್ನೆಗಳು. ಅವುಗಳ ಮೇಲೆ ಒಬ್ಬ ಸ್ಥಳೀಯ ಹುಡುಗ ಐದು ವರ್ಷ ದುಡಿದು ಬರೆದ ಪ್ರಬಂಧ ಆ ಕಾರ್ಖಾನೆಯ ಕೆಮಿಸ್ಟ್ ಕೈಗೆ ಸೇರುವ ದಾರಿ ನಮ್ಮಲ್ಲಿಲ್ಲ. ಪ್ರಶಸ್ತಿ ಆ ದಾರಿ ಮಾಡಬಹುದು ಎಂಬುದು ನನ್ನ ಆಸೆ.

ತ್ಯಾಜ್ಯ ಕಡಿಮೆ ಮಾಡುವುದಷ್ಟೇ ಸುಸ್ಥಿರತೆಯಲ್ಲ, ಕಚ್ಚಾ ಸರಕು ಎಲ್ಲಿಂದ ಬರುತ್ತದೆ ಎಂಬುದೂ ಸೇರುತ್ತದೆ. ಮೊದಲ ಮಹಾಯುದ್ಧದಲ್ಲಿ ನಮ್ಮ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತಾಗ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಎಣ್ಣೆ ಭಟ್ಟಿಯಿಳಿಸಿ ತೋರಿಸಿದರು, 1916ರಲ್ಲಿ ಮೈಸೂರು ಸಂಸ್ಥಾನ ಎಣ್ಣೆ ಕಾರ್ಖಾನೆ ತೆರೆಯಿತು, 1918ರಲ್ಲಿ ಸಾಬೂನು ಬಂತು. ಪ್ರಯೋಗಾಲಯದಿಂದ ಪೇಟೆಗೆ ಅಷ್ಟು ಬೇಗ ದಾಟಿದ ಇನ್ನೊಂದು ಉದಾಹರಣೆ ರಾಜ್ಯದಲ್ಲಿ ಸಿಗುವುದು ಕಷ್ಟ. ಮರದ ಗತಿ ಏನಾಯಿತು ಎಂಬುದು ಅರಣ್ಯ ಇಲಾಖೆಗೆ ಗೊತ್ತು.

ಕರಾವಳಿಯ ಗೇರುಬೀಜ ಕಾರ್ಖಾನೆಗಳಿಗೆ ಹೋದವರು ಬೀಜ ಒಡೆಯುವ ಹೆಂಗಸರ ಬೆರಳು ನೋಡಿರುತ್ತೀರಿ. ಸಿಪ್ಪೆಯೊಳಗಿನ ಸೊನೆ ತಾಗಿ ಚರ್ಮ ಸುಟ್ಟು ಕಪ್ಪಾಗಿರುತ್ತದೆ, ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಂಡು ಕೂತಿರುತ್ತಾರೆ. ಆ ಸೊನೆಯಲ್ಲಿ ಹೆಚ್ಚಾಗಿ ಇರುವುದು ಅನಕಾರ್ಡಿಕ್ ಆಮ್ಲ. ಕಾಯಿಸಿದರೆ ಅದು ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಕಾರ್ಡನಾಲ್ ಆಗುತ್ತದೆ. ಪೆಟ್ರೋಲಿಯಂನಿಂದ ಬರುವ ಫೀನಾಲ್ ಜಾಗದಲ್ಲಿ ರಾಳಕ್ಕೆ, ಬಣ್ಣಕ್ಕೆ, ವಾಹನಗಳ ಬ್ರೇಕ್ ಲೈನಿಂಗ್‌ಗೆ ಅದನ್ನು ಬಳಸುತ್ತಾರೆ. ಅದರ ಬಾಲದಲ್ಲಿ 15 ಕಾರ್ಬನ್‌ಗಳ ಸರಪಳಿ ಇರುವುದರಿಂದ ರಾಳ ಬಾಗುತ್ತದೆ, ಬಿರುಕು ಬಿಡುವುದಿಲ್ಲ. ಯಾರ ಅನ್ನಕ್ಕೂ ಸಂಚಕಾರ ತಾರದ, ಮನುಷ್ಯರು ತಿನ್ನದ ಸಿಪ್ಪೆಯಿಂದ ಬರುವ ಕಚ್ಚಾ ವಸ್ತು ಇದು. ಇದರ ಮೇಲೆ ಒಳ್ಳೆಯ ಪಿಎಚ್.ಡಿ. ಮಾಡಿದವರಿಗೆ ಅರ್ಧ ಅಂಕ ಅಣುವಿಗೆ ಕೊಡಿ, ಇನ್ನರ್ಧವನ್ನು ಆ ಬೆರಳುಗಳಿಗೆ ಸೊನೆ ತಾಗದಂತೆ ಬೀಜ ಒಡೆಯುವ ವಿಚಾರಕ್ಕೆ ಅವರು ಏನಾದರೂ ಸೇರಿಸಿದ್ದಾರೆಯೇ ಎಂದು ನೋಡಿ ಕೊಡಿ. ಹಾಗೆಯೇ ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರು. ಹೆಗ್ಗೋಡಿನ 'ಚರಕ' ಎಂಬ ಮಹಿಳಾ ಸಂಘದವರು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಯನ್ನು ಮಾರುಕಟ್ಟೆಗೆ ತಂದು ತೋರಿಸಿದ್ದಾರೆ. ಚೊಗರಿನ ಬಣ್ಣ ತೊಳೆತಕ್ಕೂ ಬಿಸಿಲಿಗೂ ಇನ್ನಷ್ಟು ಗಟ್ಟಿಯಾಗಿ ನಿಲ್ಲಬೇಕು, ಅದಕ್ಕಾಗಿ ಭಾರಲೋಹದ ಉಪ್ಪನ್ನು ಬಳಸಕೂಡದು. ಇದಕ್ಕಿಂತ ಒಳ್ಳೆಯ ಪಿಎಚ್.ಡಿ. ಪ್ರಶ್ನೆಯನ್ನು ಯಾವ ವಿದೇಶಿ ಜರ್ನಲ್ಲೂ ನಮಗೆ ಕೊಡಲಾರದು.

ಹಾಗಾದರೆ ಪ್ರಶಸ್ತಿ ಹೇಗಿರಬೇಕು? ಅರ್ಜಿಯ ಮೊದಲ ಪುಟದಲ್ಲೇ ತೂಕದ ಲೆಕ್ಕ ಇರಬೇಕು. ಹಾಕಿದ್ದೆಷ್ಟು, ಸಿಕ್ಕಿದ್ದೆಷ್ಟು, ತೊಳೆಯಲು ಶುದ್ಧಗೊಳಿಸಲು ಬಳಸಿದ್ದೆಷ್ಟು, ಮರಳಿ ಹಿಡಿದಿದ್ದೆಷ್ಟು, ನೀರೆಷ್ಟು, ಕರೆಂಟೆಷ್ಟು. ಅಂಕಿ ಕೆಟ್ಟದಾಗಿದ್ದರೆ ಚಿಂತೆಯಿಲ್ಲ. ಇ-ಫ್ಯಾಕ್ಟರ್ 450 ಇದ್ದದ್ದನ್ನು 60ಕ್ಕೆ ತಂದೆ ಎನ್ನುವವನು, ಎಷ್ಟು ಒದ್ದಾಡಿದರೂ 200ರಿಂದ ಕೆಳಗಿಳಿಯಲಿಲ್ಲ, ಕಾರಣ ಇಂಥದ್ದು ಎಂದು ಬರೆಯುವವಳು, ಇಬ್ಬರೂ ಪೈಪೋಟಿಯಲ್ಲಿರಲಿ. ಲೆಕ್ಕದ ಪುಟವಿಲ್ಲದ ಅರ್ಜಿಯನ್ನು ಎಷ್ಟೇ ದೊಡ್ಡ ಜರ್ನಲ್ಲಿನ ಹೆಸರಿದ್ದರೂ ಬದಿಗಿಡಿ.

ಎರಡನೆಯದಾಗಿ, ಕೊನೆಯ ಸುತ್ತಿಗೆ ಬಂದ ಪ್ರಬಂಧಗಳ ಮುಖ್ಯ ಪ್ರಯೋಗವನ್ನು ರಾಜ್ಯದ ಇನ್ನೊಂದು ಲ್ಯಾಬಿನಲ್ಲಿ ಮಾಡಿಸಿ ನೋಡಿ. ಇದು ಹೊಸ ಉಪಾಯವೇನಲ್ಲ. 'ಆರ್ಗ್ಯಾನಿಕ್ ಸಿಂಥೆಸೀಸ್' ಎಂಬ ಪ್ರಕಟಣೆ 1921ರಿಂದ ಹೀಗೆಯೇ ನಡೆದಿದೆ. ಲೇಖಕರು ಕಳಿಸಿದ ವಿಧಾನವನ್ನು ಸಂಪಾದಕ ಮಂಡಳಿಯವರ ಲ್ಯಾಬಿನಲ್ಲಿ ಬೇರೆಯವರು ಮಾಡಿ, ಅದೇ ಇಳುವರಿ ಬಂದರಷ್ಟೇ ಅಚ್ಚು ಹಾಕುತ್ತಾರೆ. ಧಾರವಾಡದವರ ಕೆಲಸವನ್ನು ಶಂಕರಘಟ್ಟದವರು, ಮಂಗಳಗಂಗೋತ್ರಿಯವರದ್ದನ್ನು ಮೈಸೂರಿನವರು ಮಾಡಿ ನೋಡಲಿ. ನಾಲ್ಕೈದು ಪ್ರಬಂಧಗಳಿಗೆ ತಗಲುವ ಖರ್ಚು ಸರ್ಕಾರಿ ಸಮಾರಂಭವೊಂದರ ಶಾಮಿಯಾನದ ಬಿಲ್ಲನ್ನು ಮೀರಲಾರದು.

ಮೂರನೆಯದು ಭಾಷೆಯದು. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪ್ಯಾಕ್ ಕೊಡುವ ಐಯುಪ್ಯಾಕ್-ಸಾಲ್ವೆ ಯುವ ರಸಾಯನಶಾಸ್ತ್ರಜ್ಞರ ಪ್ರಶಸ್ತಿಗೆ ಅರ್ಜಿ ಹಾಕುವವರು ತಮ್ಮ ಪಿಎಚ್.ಡಿ. ಕೆಲಸವನ್ನು 1000 ಪದ ಮೀರದ ಪ್ರಬಂಧದಲ್ಲಿ ವಿವರಿಸಬೇಕು. ನಾವೂ 1000 ಪದ ಕೇಳೋಣ, ಕನ್ನಡದಲ್ಲಿ. ಬರೆಯಲು ಬಾರದು ಎನ್ನುವ ಹೊರರಾಜ್ಯದ ವಿದ್ಯಾರ್ಥಿಗೆ ಸ್ನೇಹಿತರ ನೆರವು ಪಡೆಯಲು ಬಿಡಿ, ಅದೊಂದು ಒಳ್ಳೆಯ ನೆಪ. ಕೊಳ್ಹಾರದ ಪಂಚಾಯಿತಿ ಸದಸ್ಯರೂ ಪಿಯುಸಿ ಹುಡುಗರೂ ಓದುವಂತಿರಲಿ. ಆಯ್ಕೆ ಸಮಿತಿಯಲ್ಲಿ ಪ್ರೊಫೆಸರುಗಳ ಜೊತೆ ಒಬ್ಬ ಕಾರ್ಖಾನೆಯ ಕೆಮಿಸ್ಟ್, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೀರಿನ ಮಾದರಿ ತೆಗೆದು ಗೊತ್ತಿರುವ ಒಬ್ಬ ಅಧಿಕಾರಿ ಇರಲೇಬೇಕು.

ವಯೋಮಿತಿ ಹಾಕಬೇಡಿ. ಮದುವೆ, ಬಾಣಂತನ, ಕಾಲೇಜಿನ ಗೆಸ್ಟ್ ಪಾಠಗಳ ನಡುವೆ ಎಳೆದಾಡಿಕೊಂಡು ಪಿಎಚ್.ಡಿ. ಮುಗಿಸುವ ಹೆಣ್ಣುಮಕ್ಕಳು '35ರೊಳಗಿನವರು' ಎಂಬ ಸಾಲಿಗೇ ಎಷ್ಟೋ ಪ್ರಶಸ್ತಿಗಳಿಂದ ಉದುರಿಹೋಗುತ್ತಾರೆ. ಹೆಸರಿಡುವುದಿದ್ದರೆ ಜೀವರಸಾಯನಶಾಸ್ತ್ರಜ್ಞೆ ಕಮಲಾ ಸೋಹೋನಿ ಅವರದ್ದಿಡಿ. 1933ರಲ್ಲಿ ಹೆಣ್ಣೆಂಬ ಕಾರಣಕ್ಕೆ ಕಮಲಾ ಅವರಿಗೆ ಸಿ. ವಿ. ರಾಮನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರವೇಶ ನಿರಾಕರಿಸಿದರು. ಪಟ್ಟು ಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯನವರ ಬಳಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿ, ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ಅವರ ಪ್ರಬಂಧ 40 ಪುಟದ್ದು. ನಮ್ಮ ಇನ್ನೂರೈವತ್ತು ಪುಟಗಳ ವೀರರು ಇದನ್ನು ಗಮನಿಸಲಿ.

ಹಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೆಟ್ ಎಂಬ ರಾಷ್ಟ್ರೀಯ ಪರೀಕ್ಷೆ ಪಾಸಾದ ಕಿರಿಯ ಸಂಶೋಧನಾ ಫೆಲೋಗೆ (ಜೆಆರ್‌ಎಫ್) 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅದಿಲ್ಲದೆ ದುಡಿಯುವವರೇ ಬಹಳ. ಬಹುಮಾನ ಹಾರ, ಶಾಲು, ಫಲಕಗಳಲ್ಲಿ ಮುಗಿಯದೆ, ಗೆದ್ದವರಿಗೆ ಒಂದು ವರ್ಷ ಅದೇ ಕೆಲಸವನ್ನು ಮುಂದುವರಿಸಲು ಸಂಬಳದ ರೂಪದಲ್ಲಿರಲಿ. ಒಂದು ಪಾಲು ಅವರ ಲ್ಯಾಬಿನ ಫ್ಯೂಮ್ ಹುಡ್ ರಿಪೇರಿಗೆ ಹೋದರೂ ಸಂತೋಷ.

ಕುಲಪತಿಗಳಲ್ಲಿ ಒಂದು ಬೇರೆ ವಿನಂತಿ. ಪಿಎಚ್.ಡಿ.ಗೆ ಮೊದಲು ಪೇಪರ್ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ಖಾಲಿಯಾದ ಆ ಜಾಗದಲ್ಲಿ ಒಂದು ಸಣ್ಣ ನಿಯಮ ತನ್ನಿ. ರಸಾಯನಶಾಸ್ತ್ರದ ಪ್ರತಿ ಮಹಾಪ್ರಬಂಧದ ಕೊನೆಗೆ ತ್ಯಾಜ್ಯದ ಒಂದು ಪುಟ ಇರಲಿ, ವೈವಾದಲ್ಲಿ ಅದರ ಮೇಲೆ ಒಂದಾದರೂ ಪ್ರಶ್ನೆ ಬರಲಿ. ಇದಕ್ಕೆ ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ, ಅಧ್ಯಯನ ಮಂಡಳಿಯ ಒಂದು ಠರಾವು ಸಾಕು.

ಮೊದಲ ವರ್ಷ ಹತ್ತು ಅರ್ಜಿ ಬರದಿರಬಹುದು. ಯೋಗ್ಯವಾದದ್ದು ಸಿಗದಿದ್ದರೆ ಆ ವರ್ಷ ಯಾರಿಗೂ ಕೊಡಬೇಡಿ, ಸಮಾಧಾನಕರ ಬಹುಮಾನವನ್ನೂ ಸೃಷ್ಟಿಸಬೇಡಿ. ತೂಕದ ಲೆಕ್ಕ ಬರೆಯುವ ಪುಟ ಹೇಗಿರಬೇಕು ಎಂಬ ಒಂದು ಕರಡನ್ನು ನಾವು ಕೆಲವು ಶಿಕ್ಷಕರು ಸೇರಿ ಸಿದ್ಧಪಡಿಸಿಕೊಂಡಿದ್ದೇವೆ, ಇಲಾಖೆ ಕೇಳಿದರೆ ಕಳಿಸಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ರಸಾಯನಶಾಸ್ತ್ರದ ಒಬ್ಬ ಶಿಕ್ಷಕಿ